ಕುಣಿಯಲು ಕೊಟ್ಟ ಎಲೆ ಅಡಿಕೆ

ಆರೋಪವನ್ನು ಮೊದಲೇ ದಾಖಲಿಸುತ್ತೇನೆ. ನಮ್ಮ ಮನೆತನದ ರಿಸೆಪ್ಷನ್‌ಗಳಲ್ಲಿ ಇಂದು ಒಬ್ಬರೂ ಕುರ್ಚಿ ಬಿಟ್ಟು ಏಳುವುದಿಲ್ಲವೆಂದರೆ ಅದಕ್ಕೆ ಡಿಜೆಯವನು ಕಾರಣನಲ್ಲ, ಮೊಬೈಲು ಕಾರಣವಲ್ಲ, ಕಾಲ ಕೆಟ್ಟಿತೆಂಬುದೂ ಕಾರಣವಲ್ಲ. ಮನೆತನದ ಹಿರಿಯರೇ, ನೀವೇ ಕಾರಣ. ನಿಮ್ಮೊಳಗೆ ಮುಖ್ಯ ಹೊಣೆ ದೊಡ್ಡಪ್ಪ ಶರಣಪ್ಪನವರದು. ಹೇಗೆ ಕರೆದರೆ ಜನ ಕುಣಿಯುತ್ತಾರೆಂದು ನಿಮಗೆ ಗೊತ್ತಿತ್ತು. ಒಮ್ಮೆ ಕಣ್ಣಾರೆ ಕಂಡಿದ್ದಿರಿ. ಕಂಡ ಮರುದಿನ ಬೆಳಿಗ್ಗೆಯೇ ಪಡಸಾಲೆಯಲ್ಲಿ ಕೂತು ಅದನ್ನು ನಿಲ್ಲಿಸಿದಿರಿ. ಇದನ್ನು ಬರೆಯುತ್ತಿರುವವಳು ಆ ಸಂಜೆಯ ಪ್ರತ್ಯಕ್ಷ ಸಾಕ್ಷಿ. ಅಂದು ತಟ್ಟೆ ಹಿಡಿದು ತಿರುಗಿದವಳೂ ಇವಳೇ ಆದ್ದರಿಂದ, ನಿಮ್ಮ ಲೆಕ್ಕದಲ್ಲಿ ಮೊದಲ ಆರೋಪಿಯೂ ಹೌದು.

ರಿಸೆಪ್ಷನ್ ಎಂಬ ಮಾತು ಶಹಾಪುರದ ಬಾಯಿಗೆ ಇನ್ನೂ ರೂಢಿಯಾಗಿರದ ದಿನಗಳವು. ಆಗ ನಮ್ಮ ಕಡೆಯ ಮದುವೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅಕ್ಕಿಕಾಳು ಬಿದ್ದವು, ಹುಗ್ಗಿಯ ಮೇಲೆ ತುಪ್ಪ ಬಿತ್ತು, ಬೀಗರು ನಾಲ್ಕರ ಬಸ್ಸು ಹತ್ತಿದರು ಎಂದರೆ ಆಯಿತು. ಕುಣಿತವೆನ್ನುವುದು ಮೆರವಣಿಗೆಯಲ್ಲಿ, ಬ್ಯಾಂಡಿನ ಎದುರು, ಗಂಡಸರು ಹಲ್ಲಿನಲ್ಲಿ ಕರವಸ್ತ್ರ ಕಚ್ಚಿಕೊಂಡು ಹಾವಿನಂತೆ ಹೊರಳಾಡುವ ಕೆಲಸ. ಹೆಂಗಸರು ಆರತಿ ಹಿಡಿದು ಹಿಂದೆ ನಡೆಯುತ್ತಿದ್ದರು. ನಾವು ಮಕ್ಕಳು ಇಬ್ಬರ ನಡುವೆ ಧೂಳು ಕುಡಿಯುತ್ತ, ಕಿಸೆಯಲ್ಲಿ ಕದ್ದ ಬುಂದಿ ತುಂಬಿಕೊಂಡು ನಡೆಯುತ್ತಿದ್ದೆವು.

ನಾನು ಐದನೆಯ ತರಗತಿಯಲ್ಲಿದ್ದಾಗ ಬಸು ಕಾಕಾನ ಮದುವೆ ಗೊತ್ತಾಯಿತು. ಕಾಕಾ ಅಪ್ಪನ ಕೊನೆಯ ತಮ್ಮ. ಯಾದಗಿರಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ. ಹೆಣ್ಣು ಸುರಪುರದವಳು. ಕಾಕಾ ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದಳು. ಅದೇ ವರ್ಷ ಅವನ ಅಕ್ಕ, ನಮ್ಮ ಗಿರಿಜತ್ತೆ, ಗಂಡನನ್ನು ಕಳೆದುಕೊಂಡು ಶಿರವಾಳದಿಂದ ತವರಿಗೆ ಬಂದಳು. ಅವನಿಗೆ ಉಣಿಸಿದವಳು, ಜಳಕ ಮಾಡಿಸಿದವಳು, ಸಾಲೆಗೆ ಹೋಗದಿದ್ದರೆ ಬೆನ್ನಟ್ಟಿ ಹೊಡೆದವಳು ಅವಳೇ. ನಮಗೆಲ್ಲ ಅಂಗಳದಲ್ಲಿ ಕೋಲಾಟ ಕಲಿಸಿದವಳೂ ಅವಳೇ. ಸೆರಗು ಸಿಕ್ಕಿಸಿ ಎರಡು ಕೋಲು ಕೈಗೆ ತೆಗೆದುಕೊಂಡಳೆಂದರೆ ಓಣಿಯ ಯಾವ ಹುಡುಗಿಯೂ ಅವಳ ವೇಗಕ್ಕೆ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಮದುವೆ ಬಂದರೆ ಅತ್ತೆಯ ಜಾಗ ಗೊತ್ತುಪಡಿಸಿದ್ದು: ಸಾಮಾನಿನ ಕೋಣೆ. ಸೊಂಟಕ್ಕೆ ಕೀಲಿ ಸಿಕ್ಕಿಸಿಕೊಂಡು ಬೆಲ್ಲ, ಎಣ್ಣೆ, ತೆಂಗಿನಕಾಯಿ, ಎಲೆ ಅಡಿಕೆ ಕಾಯುತ್ತ ಒಳಗೆ ಕೂತರೆ, ಹೊರಗೆ ಯಾರ ಮದುವೆ ಎಂಬುದು ಅವಳಿಗೆ ಸದ್ದಿನಿಂದಷ್ಟೇ ತಿಳಿಯಬೇಕು.

ಲಗ್ನಪತ್ರಿಕೆಯ ಕಟ್ಟು ಮನೆಗೆ ಬಂದ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪತ್ರಿಕೆಯ ಕೆಳಗೆ ‘ಪುಟಾಣಿಗಳ ಕರೆ: ನಮ್ಮ ಕಾಕಾನ ಮದುವೆಗೆ ತಪ್ಪದೇ ಬನ್ನಿ’ ಎಂದು ಅಚ್ಚಾಗಿ, ಆರು ಹೆಸರುಗಳಲ್ಲಿ ನನ್ನದು ಮೊದಲಿತ್ತು: ಕು. ಭಾಗ್ಯಶ್ರೀ. ಕೊನೆಯದು ಚಿ. ಓಂಕಾರ. ಅವನಿಗೆ ಆಗ ಆರು ತಿಂಗಳು, ಮಗುಚಿಕೊಳ್ಳಲೂ ಬರುತ್ತಿರಲಿಲ್ಲ. ಆದರೆ ಊರಿಗೆಲ್ಲ ಕರೆ ಕೊಟ್ಟಿದ್ದ. ಮೇಲೆ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ ದೊಡ್ಡಪ್ಪ, ಅಪ್ಪ, ದೊಡ್ಡಪ್ಪನ ಭಾವಮೈದುನ, ಆ ಭಾವಮೈದುನನ ಜೊತೆ ಹತ್ತಿ ವ್ಯಾಪಾರ ಮಾಡುವವನು, ಎಲ್ಲರೂ ಇದ್ದರು. ಕಾಕಾ ಪಟ್ಟಿಯನ್ನು ಎರಡು ಸಲ ಓದಿದ.

“ಅಣ್ಣಾ, ಅಕ್ಕನ ಹೆಸರು ಎಲ್ಲಿ ಅದ?”

ದೊಡ್ಡಪ್ಪ ತಲೆಯೆತ್ತಲಿಲ್ಲ. “ಎಲ್ಲಾದಕ್ಕೂ ಒಂದು ರೀತಿ ಇರ್ತದ, ಬಸ್ಯಾ. ಗಂಡ ಇಲ್ಲದಾಕಿ ಹೆಸರು ಮಂಗಳ ಪತ್ರಿಕಿಯೊಳಗ ಹಾಕಂಗಿಲ್ಲ.”

“ಹತ್ತಿ ವ್ಯಾಪಾರಿ ಹೆಸರು ಹಾಕ್ತಾರೇನು?”

ಜಗಳ ಹತ್ತಬೇಕೆನ್ನುವಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು. “ಹೋಗ್ಲಿ ಬಿಡೋ. ಕಾಗದದಾಗ ಇಲ್ಲಂದ್ರ ನಾ ಭೂಮಿ ಮ್ಯಾಲ ಇಲ್ಲೇನು? ರೊಟ್ಟಿ ಆರಾಕತ್ಯಾವ, ಏಳು.”

ಅಂದು ರೊಟ್ಟಿ ತಿನ್ನುತ್ತ ಕಾಕಾ ಒಂದು ನಿರ್ಧಾರಕ್ಕೆ ಬಂದ. ಹೈದರಾಬಾದಿನಲ್ಲಿ ಗೆಳೆಯನೊಬ್ಬನ ರಿಸೆಪ್ಷನ್ನಿಗೆ ಹೋಗಿದ್ದಾಗ ಹೆಣ್ಣು, ಗಂಡು, ಮುದುಕರು ಎನ್ನದೆ ಎಲ್ಲರೂ ಕುಣಿದದ್ದನ್ನು ಅವನು ಕಂಡಿದ್ದ. “ಅಕ್ಕಾ, ನಂದೂ ರಿಸೆಪ್ಷನ್ ಆಗ್ಲಿ. ಅದಕ್ಕೇನು ಮಂತ್ರ ಇಲ್ಲ, ಮುಹೂರ್ತ ಇಲ್ಲ, ಸ್ವಾಮ್ಗೋಳು ಇಲ್ಲ. ಎಲ್ಲಾರೂ ಎದ್ದು ಕುಣಿಯೂ ಗದ್ದಲದಾಗ ನೀನೂ ಕುಣೀಬೇಕು. ಯಾರು ಬ್ಯಾಡ ಅಂತಾರ ನೋಡ್ತೀನಿ.”

“ಕರದ್ರ ಬರ್ತೀನಪ್ಪಾ. ಕರೀಲಾರ್ದ ಬರಾಕ ನಾನೇನು ಹಲಗಿ ಸಪ್ಪಳಕ್ಕ ಓಡಿ ಬರೂ ಹುಡುಗಿ ಏನು?”

“ನಾ ಕರಿಯಾಕತ್ತೀನಲ್ಲ!”

“ಮದುಮಗ ಕರದ್ರ ನಡಿಯಂಗಿಲ್ಲೋ ಹುಚ್ಚಾ. ಮನಿ ಕರೀಬೇಕು.”

ನಾನು ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿ ನೆಕ್ಕುತ್ತ ಕೂತು ಇದನ್ನೆಲ್ಲ ಕೇಳಿಸಿಕೊಂಡೆ. ಅತ್ತೆ ಕುಣಿಯಬೇಕು. ಅದಕ್ಕೆ ಊರೆಲ್ಲ ಕುಣಿಯಬೇಕು. ಅತ್ತೆಯನ್ನು ಮನೆ ಕರೆಯಬೇಕು. ವಿಷಯ ಇಷ್ಟೇ ಇತ್ತು, ಮತ್ತು ನನಗೆ ಅದು ಐದನೆಯ ತರಗತಿಯ ಗಣಿತಕ್ಕಿಂತ ಸುಲಭವಾಗಿ ಅರ್ಥವಾಯಿತು.

ರಿಸೆಪ್ಷನ್ ನಡೆದದ್ದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಒಂದು ಸಭಾಭವನದಲ್ಲಿ, ಮದುವೆಯ ದಿನವೇ ಸಂಜೆ. ಕಾಲುವೆಯ ನೀರಿನ ತಂಪು, ಜನರೇಟರಿನ ಡೀಸೆಲ್ ವಾಸನೆ, ಮಿರ್ಚಿ ಭಜಿಯ ಘಾಟು, ಹೆಂಗಸರ ಮುಡಿಯ ಅಬ್ಬಲಿಗೆ, ಯಾರದೋ ತೋಳಿನಿಂದ ಅತ್ತರು, ಎಲ್ಲವೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ನಾವು ಮಕ್ಕಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಬಸ್ಸು ಮಾಡಿ, ಸುರಪುರಕ್ಕೆ ಹತ್ತು ಸಲ ಹೋಗಿಬಂದಿದ್ದೆವು. ಕಾಕಾನ ಜೀವದ ಗೆಳೆಯ ಮೈಬೂಬ ಯಾದಗಿರಿಯಿಂದ ಆಳೆತ್ತರದ ಸೌಂಡ್ ಬಾಕ್ಸು ತಂದು ವೇದಿಕೆಯ ಎರಡೂ ಬದಿಗೆ ನಿಲ್ಲಿಸಿದ್ದ. ವೇದಿಕೆಯ ಮುಂದೆ ಕುಣಿಯಲೆಂದು ತಾಡಪತ್ರಿ ಹಾಸಿ ಖಾಲಿ ಬಿಟ್ಟಿದ್ದರು. ಅದು ಖಾಲಿಯೇ ಉಳಿಯಿತು.

ಹಾಡು ಮೇಲಿಂದ ಮೇಲೆ ಬಡಿಯುತ್ತಿತ್ತು. ಜನ ಸಾಲಾಗಿ ವೇದಿಕೆ ಹತ್ತಿ, ಆಯೇರಿಯ ಉಡುಗೊರೆ ಕೊಟ್ಟು, ಪಾಸ್‌ಪೋರ್ಟಿಗೆ ನಿಂತವರಂತೆ ಫೋಟೊಗೆ ನಿಂತು, ಕೆಳಗಿಳಿದು ಬಂದು ಕೂತರು. ಕೈ ಕಟ್ಟಿಕೊಂಡರು. ಮೈಬೂಬ ಮೈಕು ಹಿಡಿದು, ತನಗೆ ಗೊತ್ತಿದ್ದ ಅತ್ಯಂತ ಗೌರವದ ಕನ್ನಡದಲ್ಲಿ ಘೋಷಿಸಿದ: “ಮಹಾಜನರು ಎಲ್ಲರೂ ದಯಮಾಡಿ ಎದ್ದು ಬರಬೇಕಾಗಿ ವಿನಂತಿ.” ಮದುವೆಯ ಮನೆಯಲ್ಲಿ ಎದ್ದು ಬನ್ನಿರೆಂದು ಯಾರು ಯಾವಾಗ ಕರೆದರೂ ಅದಕ್ಕೆ ಒಂದೇ ಅರ್ಥ. ಅರ್ಧ ಸಭಾಭವನ ಎದ್ದು, ತಾಡಪತ್ರಿಯನ್ನು ದಾಟಿ, ನೇರವಾಗಿ ಊಟದ ಪಂಕ್ತಿಗೆ ಹೋಗಿ ಕೂತಿತು. ಎಲೆ ಹಾಕಿರಲಿಲ್ಲ. ಅಡಿಗೆಯವರು ಸೌಟು ಹಿಡಿದು ಹೊರಗೋಡಿ ಬಂದು, “ಅನ್ನ ಇನ್ನಾ ಬಸಿದಿಲ್ರಿ! ಯಾರ್ರಿ ಇವರಿಗಿ ಕರದವರು?” ಎಂದು ಮೈಬೂಬನ ಕಡೆ ಕೆಂಗಣ್ಣು ಬಿಟ್ಟರು.

ಎರಡನೆಯ ಯತ್ನವಾಗಿ ಕಾಕಾ ವೇದಿಕೆಯ ಮೇಲಿಂದ ಇಬ್ಬರು ಗೆಳೆಯರಿಗೆ ಸನ್ನೆ ಮಾಡಿದ. ಅವರು ಕರವಸ್ತ್ರ ಕಚ್ಚಿ ತಾಡಪತ್ರಿಯ ಮೇಲೆ ಹೊರಳತೊಡಗಿದರು. ಇದರಿಂದ ಒಂದು ಪರಿಣಾಮವಾಯಿತು: ಜನ ತಮ್ಮ ಕುರ್ಚಿಗಳನ್ನು ಎತ್ತಿಕೊಂಡು ಮುಂದೆ ಬಂದು, ಸುತ್ತ ಹಾಕಿಕೊಂಡು, ಬಯಲಾಟ ನೋಡುವವರಂತೆ ಆರಾಮಾಗಿ ಕೂತರು. ಒಬ್ಬಾಕೆ ಶೇಂಗಾ ಬಿಚ್ಚತೊಡಗಿದಳು. ಹಾರ ಹಾಕಿಕೊಂಡು ಸಿಂಹಾಸನದಲ್ಲಿ ಕೂತಿದ್ದ ಕಾಕಾನ ಮುಖ ಬಾಡಿತು. ಅವನು ಮತ್ತೆ ಮತ್ತೆ, ಅತ್ತೆ ಕೂತಿದ್ದ ಸಭಾಭವನದ ಸಾಮಾನಿನ ಕೋಣೆಯ ಬಾಗಿಲಿನತ್ತ ನೋಡುವುದನ್ನು ನಾನು ಕಂಡೆ.

ನಮ್ಮ ಸಾಲೆಯ ಗುರಪ್ಪ ಮಾಸ್ತರರು ಮುಂದಿನ ಸಾಲಿನಲ್ಲಿದ್ದರು. ಅವರ ಕಾಲಿನ ಹೆಬ್ಬೆರಳು ಹಾಡಿಗೆ ತಾಳ ಹಾಕುತ್ತಿತ್ತು. ಮೇಲಿನ ದೇಹ ಮಾತ್ರ ಹಾಜರಿ ಕರೆಯುವಾಗಿನಂತೆ ಗಂಭೀರವಾಗಿತ್ತು.

“ಸರ್ರ, ನೀವ್ಯಾಕ ಕುಣ್ಯಾಕ ಹೋಗವಲ್ರಿ?”

“ಹೆಂಗ ಹೋಗ್ಲಿ ಭಾಗಿ? ಮದಿವಿಗಿ ಕರದೀರಿ, ಬಂದೇವು. ಊಟಕ್ಕ ಕರದೀರಿ, ಉಣ್ತೇವು. ಕುಣ್ಯಾಕ ಯಾರು ಹೇಳಿಕಿ ಕೊಟ್ಟಾರ? ಮೈಕಿನಾಗ ಒದರಿದ್ರ ಅದು ಹೇಳಿಕಿ ಆಗ್ತದೇನು? ನಾವೇನು ಬಸ್‌ಸ್ಟ್ಯಾಂಡಿನಾಗ ಕುಂತೇವೇನು?”

ನಮ್ಮ ಕಡೆಯ ಹೇಳಿಕೆಯ, ಅಂದರೆ ಆಹ್ವಾನದ, ಶಾಸ್ತ್ರ ಆ ಕ್ಷಣ ನನ್ನ ತಲೆಯಲ್ಲಿ ದೀಪ ಹಚ್ಚಿದಂತೆ ಬೆಳಗಿತು. ಮನೆಯವರೊಬ್ಬರು ಮುಂದೆ ಬಂದು ನಿಂತು, ಕೈಯಲ್ಲಿ ಎಲೆ ಅಡಿಕೆ ಇಟ್ಟು ಕರೆಯಬೇಕು. ಕೈಗೆ ಬಂದ ಎಲೆ ಅಡಿಕೆಯನ್ನು ಒಲ್ಲೆನೆಂದರೆ ಮನೆಗೆ ಅಪಮಾನ. ತೆಗೆದುಕೊಂಡು ಬಾರದಿದ್ದರೆ ಇನ್ನೂ ದೊಡ್ಡ ಅಪಮಾನ. ನಾನು ಸಾಮಾನಿನ ಕೋಣೆಗೆ ಓಡಿದೆ.

“ಅತ್ತಿ, ಎಲಿ ಅಡಿಕಿ ಬೇಕಂತ. ತಟ್ಟಿ ತುಂಬ.”

“ಯಾರಿಗಿ ಬೇಕಂತ?”

“ದೊಡ್ಡಪ್ಪ ಹೇಳ್ಯಾನ,” ಎಂದೆ. ಇದು ಸುಳ್ಳು. ಒಪ್ಪಿಕೊಳ್ಳುತ್ತೇನೆ. ಅತ್ತೆ ಒದ್ದೆ ಬಟ್ಟೆ ಸರಿಸಿ ಎಲೆಗಳನ್ನು ತಟ್ಟೆಗೆ ಹಾಕಿದಳು. ತಟ್ಟೆಯ ತಳದಲ್ಲಿ ನಾನು ಒಂದು ಲಗ್ನಪತ್ರಿಕೆ ಹಾಸಿಕೊಂಡೆ.

ಮೊದಲು ಬೀಗರು. ಅಷ್ಟು ನನಗೂ ತಿಳಿದಿತ್ತು. ಹೆಣ್ಣಿನ ಕಡೆಯವರಲ್ಲಿ ಅತಿ ದೊಡ್ಡ ಮೀಸೆ ಯಾರದೋ ಅವರ ಮುಂದೆ ನಿಂತು ಎಲೆ ಅಡಿಕೆ ಇಟ್ಟು, “ಕುಣ್ಯಾಕ ಬರ್ಬೇಕ್ರಿ,” ಎಂದೆ. ಅವರು ಹೆಣ್ಣಿನ ಚಿಕ್ಕಪ್ಪ ಮಲ್ಲೇಶಪ್ಪ. ಕೈಯಲ್ಲಿನ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ನಿಂತರು. ಆಗಲೇ ಕೈತೊಳೆಯಲು ಹೋಗಿದ್ದ ಅವರ ಅಣ್ಣ, ಹೆಣ್ಣಿನ ತಂದೆ, ಮರಳಿ ಬಂದರು.

“ಏನಲೇ ಮಲ್ಲ್ಯಾ, ಕೈಯಾಗ ಏನದು?”

“ಕುಣ್ಯಾಕ ಕರದಾರ, ಅಣ್ಣಾ.”

“ನಿನಗ ಮೊದಲ ಕರದಾರ?” ಹಿರಿಯ ಬೀಗರ ದನಿ ಏರಿತು. “ಹೆಣ್ಣು ಕೊಟ್ಟಾಂವ ನಾನು. ಹೇಳಿಕಿ ತಮ್ಮಗ! ಶಹಾಪುರದ ಮಂದಿ ನನಗೇನು ಕುಣ್ಯಾಕ ಬರಂಗಿಲ್ಲ ಅಂತ ತಿಳಕೊಂಡಾರೇನು?”

ಹುಗ್ಗಿ ಉಣ್ಣದೆ ಎದ್ದುಹೋದ ಬೀಗರ ಕಥೆಗಳನ್ನು ನಾನು ಕೇಳಿದ್ದೆ. ಆದರೆ ಹಿರಿಯ ಬೀಗರು ಬಾಗಿಲ ಕಡೆ ಹೋಗಲಿಲ್ಲ. ತಲೆಯ ಪಟಗವನ್ನು ಕಳಚಿ ಕುರ್ಚಿಯ ಮೇಲಿಟ್ಟು, ತಾಡಪತ್ರಿಯ ನಟ್ಟನಡುವೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿ, ತನ್ನ ಹಕ್ಕು ಸ್ಥಾಪನೆಯಾಗುವ ತನಕ ನಿಲ್ಲಿಸೆನು ಎಂಬಂತೆ ಕುಣಿಯತೊಡಗಿದರು. ಮಲ್ಲೇಶಪ್ಪ ಅಣ್ಣನಿಗಿಂತ ಎರಡು ಹೆಜ್ಜೆ ಹಿಂದೆ ನಿಂತು, ಮರ್ಯಾದೆಯಿಂದ ಕುಣಿದರು.

ಆಮೇಲೆ ನಾನು ಯಾರನ್ನೂ ಹುಡುಕಬೇಕಾಗಲಿಲ್ಲ. “ಬೀಗರಿಗಿ ಕೊಟ್ಟಿ, ನಮಗ ಇಲ್ಲೇನು?” “ಆ ಸಾಲಿಗಿ ಕೊಟ್ಟು ಈ ಸಾಲು ಬಿಡ್ತಿಯೇನಬೇ?” ಅರ್ಧ ತಾಸಿನ ಹಿಂದೆ ಕುಣಿಯುವುದು ಯಾರಿಗೂ ಬೇಡವಾಗಿತ್ತು, ಈಗ ಕರೆಸಿಕೊಳ್ಳದಿರುವುದು ಯಾರಿಗೂ ಸಹಿಸಲಾಗದಾಯಿತು. ಗುರಪ್ಪ ಮಾಸ್ತರರು ಎಲೆ ಹಿಡಿದು, “ಎಷ್ಟೊತ್ತು ಕುಣೀಬೇಕಂತ ಅದ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ತಟ್ಟೆಯಲ್ಲಿ ಗಂಡಸರ ಎಲೆ, ಹೆಂಗಸರ ಎಲೆ ಎಂದು ಬೇರೆ ಇರಲಿಲ್ಲವಾದ್ದರಿಂದ ನಾನೂ ಬೇರೆ ಮಾಡಲಿಲ್ಲ. ನಮ್ಮವ್ವ ದೂರದಿಂದಲೇ ಕಣ್ಣು ತಿರುವಿದಳು. ಅಷ್ಟರಲ್ಲಿ ಹೆಂಗಸರ ಮೂರು ಸಾಲು ಎದ್ದಾಗಿತ್ತು. ಮೈಬೂಬನ ತಾಯಿ ಎಲೆಯನ್ನು ಅಲ್ಲೇ ಮಡಚಿ ಬಾಯಿಗಿಟ್ಟುಕೊಂಡು, “ಪಾನ್ ಖಾ ಲಿಯಾ ಬೇಟಿ, ಅಬ್ ಉಠನಾಚ್ ಪಡತಾ,” ಎಂದು, ತಿಂದ ಮೇಲೆ ಏಳಲೇಬೇಕಾದ ನ್ಯಾಯವನ್ನು ತಾವೇ ತೀರ್ಮಾನಿಸಿ, ಬುರ್ಖಾ ಸರಿಪಡಿಸಿಕೊಂಡು ಹೊರಟರು. ಮೈಬೂಬ ಮೈಕಿನಲ್ಲೇ “ಅಮ್ಮೀ!” ಎಂದು ಕೂಗಿದ್ದು ಕಾಲುವೆಯಾಚೆಗೂ ಕೇಳಿತು.

ಆಗ ದೊಡ್ಡಪ್ಪ ಬಂದರು.

“ಏ ಭಾಗಿ! ಯಾರನ್ನ ಕೇಳಿ ಹೇಳಿಕಿ ಕೊಡಾಕತ್ತಿ? ನಿನಗ್ಯಾರು ಹಕ್ಕ ಕೊಟ್ಟಾರ?”

ನಾನು ಎಲೆಗಳನ್ನು ಪಕ್ಕಕ್ಕೆ ಸರಿಸಿ, ತಳದಲ್ಲಿದ್ದ ಪತ್ರಿಕೆಯನ್ನು ಎಳೆದು ತೋರಿಸಿದೆ. ಕುಣಿಯುತ್ತಿದ್ದ ಗುರಪ್ಪ ಮಾಸ್ತರರು ನಿಂತು, ಏದುಸಿರು ಬಿಡುತ್ತ ಚಷ್ಮಾ ಹಾಕಿಕೊಂಡು ಓದಿದರು. “ಹೌದ್ರಿ ಶರಣಪ್ಪ. ಹುಡುಗಿ ಹೆಸರು ಅಚ್ಚಾಗ್ಯಾದ. ಕರಿಯೂ ಹಕ್ಕ ಅದ.” ಓದಿ ಮತ್ತೆ ಕುಣಿಯಲು ಹೋದರು. ದೊಡ್ಡಪ್ಪ ಪತ್ರಿಕೆಯನ್ನು ತಾವೂ ಒಮ್ಮೆ ಓದಿದರು.

ತಟ್ಟೆಯಲ್ಲಿ ಕೊನೆಯ ಜೋಡಿ ಎಲೆ ಉಳಿದಿತ್ತು. ದೊಡ್ಡಪ್ಪ ಕೈ ಚಾಚಿ, “ಇಲ್ಲಿ ತಾ,” ಎಂದರು. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನನ್ನನ್ನು ಬೆನ್ನಟ್ಟಲು ಸಿದ್ಧರಾಗಿದ್ದಾರೆಂದುಕೊಂಡು ನಾನು ಅವರ ಕೈಯ ಕೆಳಗಿನಿಂದ ನುಸುಳಿ ಓಡಿದೆ.

ಸಾಮಾನಿನ ಕೋಣೆಯಲ್ಲಿ ಅತ್ತೆ ಬೆಲ್ಲದ ಪೆಂಟೆಯ ಮೇಲೆ ಕೂತು, ಗೋಡೆಯಾಚೆಯ ಸದ್ದಿಗೆ ಬೆರಳಿನಿಂದ ತೊಡೆ ತಟ್ಟುತ್ತಿದ್ದಳು. ನಾನು ಅವಳ ಕೈಯಲ್ಲಿ ಎಲೆ ಅಡಿಕೆ ಇಟ್ಟೆ.

“ಅತ್ತಿ, ಕುಣ್ಯಾಕ ಬರ್ಬೇಕಂತ.”

ಅವಳು ಎಲೆಯನ್ನು ತಿರುವಿ ನೋಡಿದಳು. ಹಿಂದೆ ಯಾವಾಗ ಯಾರು ಅವಳ ಕೈಯಲ್ಲಿ ಎಲೆ ಇಟ್ಟಿದ್ದರೋ. “ಯಾರು ಕರಿಯಾಕತ್ಯಾರ?”

“ಮನಿ,” ಎಂದೆ. “ನನ್ನ ಹೆಸರು ಅಚ್ಚಾಗ್ಯಾದ.”

ಅತ್ತೆ ಸೊಂಟದ ಕೀಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. “ಹಿಡಿ. ಬೆಲ್ಲಕ್ಕ ಕೈ ಹಾಕಿದ್ರ ನೋಡು ಮತ್ತ.” ಎಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಗಿಲವರೆಗೆ ಹೋದವಳು ಹಿಂದೆ ಬಂದು, ಪಾತ್ರೆಯ ಬುಟ್ಟಿಯಿಂದ ಎರಡು ಲಟ್ಟಣಿಗೆ ಎತ್ತಿಕೊಂಡಳು.

ಅತ್ತೆ ತಾಡಪತ್ರಿಯ ಅಂಚಿಗೆ ಬಂದಾಗ ಮೈಬೂಬ ಹಾಡನ್ನು ತಗ್ಗಿಸಿದ. ಲಟ್ಟಣಿಗೆಗಳು ಒಮ್ಮೆ ಕಟ್ ಎಂದವು. ಇನ್ನೊಮ್ಮೆ ಎಂದವು. ಓಣಿಯ ಹೆಂಗಸರಿಗೆ ಆ ಸದ್ದು ಗೊತ್ತಿತ್ತು. ಅವರು ತಾವಾಗಿ ಸುತ್ತು ಕಟ್ಟಿದರು. ಸೌಟು, ಕೈಬಳೆ, ಚಪ್ಪಾಳೆ, ಸಿಕ್ಕಿದ್ದರಲ್ಲಿ ತಾಳ ಹಿಡಿದರು. ಅತ್ತೆ ಬಾಗಿ, ತಿರುಗಿ, ಹಿರಿಯ ಬೀಗರ ಮೀಸೆಗೆ ಒಂದು ಗೇಣು ದೂರದಲ್ಲಿ ಲಟ್ಟಣಿಗೆ ಬೀಸಿ, ನಗುತ್ತ ಮುಂದೆ ಹೋದಳು. ಕಾಕಾ ಸಿಂಹಾಸನ ಬಿಟ್ಟು ಧುಮುಕಿದ. ಹೊಸ ಚಿಗವ್ವ ಸೀರೆ ಎತ್ತಿ ಹಿಡಿದು ಹಿಂದೆಯೇ ಇಳಿದಳು. “ಅಕ್ಕಾ, ನನ್ನ ಮದಿವಿ ಈಗ ಆತು!” ಎಂದು ಕಾಕಾ ಕೂಗಿದ. ನಾನು ಕೀಲಿ ಹಿಡಿದು ನಿಂತಿದ್ದೆ. ಕೋಣೆ ತೆರೆದೇ ಇತ್ತು. ಓಂಕಾರನನ್ನು ಬಿಟ್ಟು ಉಳಿದ ಪುಟಾಣಿಗಳೆಲ್ಲ ಬೆಲ್ಲದ ಪೆಂಟೆಯ ಮೇಲೆ ಬಿದ್ದಿದ್ದರು.

ದೊಡ್ಡವರಲ್ಲಿ ಕುಣಿಯದೆ ಉಳಿದವರು ಇಡೀ ಸಭಾಭವನದಲ್ಲಿ ಒಬ್ಬರೇ: ದೊಡ್ಡಪ್ಪ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಹಿರಿಯರು ಕೂತರು. ಮನೆತನದ ಮರ್ಯಾದೆ ಎಂಬ ಮಾತು ಹಲವು ಸಲ ಬಂತು. ಇನ್ನು ಮೇಲೆ ಮಕ್ಕಳ ಕೈಗೆ ತಟ್ಟೆ ಕೊಡಕೂಡದು, ಕುಣಿತಕ್ಕೆ ಹೇಳಿಕೆ ಇರಕೂಡದು, ಬೇಕಿದ್ದರೆ ಮೈಕಿನವರು ಕರೆಯಲಿ ಎಂದು ತೀರ್ಮಾನವಾಯಿತು. ಕೀಲಿಯನ್ನು ನನ್ನಿಂದ ಕಸಿದು ಅತ್ತೆಗೆ ಕೊಟ್ಟಿರಿ. ಪತ್ರಿಕೆಗಳಿಂದ ಪುಟಾಣಿಗಳ ಕರೆಯೂ ಮಾಯವಾಯಿತು.

ಅದಾಗಿ ಹದಿನಾರು ವರ್ಷ. ವಿಶ್ವವಿದ್ಯಾಲಯದಲ್ಲಿ ಓದಿ, ಹಕ್ಕುಗಳ ಬಗ್ಗೆ ದಪ್ಪ ಪುಸ್ತಕಗಳನ್ನು ತಿರುವಿ ಬಂದ ಮೇಲೂ, ಲಗ್ನಪತ್ರಿಕೆಯ ಕೆಳಗಿನ ಒಂದು ಸಾಲು ಅಂದು ನನಗೆ ಕೊಟ್ಟಷ್ಟು ಹಕ್ಕನ್ನು ಮತ್ತೆಲ್ಲೂ ಕಂಡಿಲ್ಲ. ಈಗ ನಮ್ಮ ರಿಸೆಪ್ಷನ್‌ಗಳಿಗೆ ಕಲಬುರಗಿಯಿಂದ ಆ್ಯಂಕರ್ ಬರುತ್ತಾರೆ. ಹೊಗೆ ಉಗುಳುವ ಯಂತ್ರ ಬರುತ್ತದೆ. ಬಾಡಿಗೆಯ ಹುಡುಗರು ಕುಣಿಯುತ್ತಾರೆ, ನಾವು ಮೊಬೈಲು ಎತ್ತಿ ಹಿಡಿಯುತ್ತೇವೆ. “ಎಲ್ಲರೂ ಜೋರಾಗಿ!” ಎಂದು ಆ್ಯಂಕರ್ ಬೊಬ್ಬಿಡುವಾಗ, ಆ ಎಲ್ಲರಲ್ಲಿ ತಾನೊಬ್ಬನೆಂದು ಯಾರಿಗೂ ಅನಿಸುವುದಿಲ್ಲ. ಒಬ್ಬೊಬ್ಬರ ಮುಂದೆ ಬಂದು ನಿಂತು, ಕೈಯಲ್ಲಿ ಏನಾದರೂ ಇಟ್ಟು, ನೀನು ಬರಬೇಕು ಎನ್ನುವವರು ಹೋದರು. ಕೇಟರಿಂಗ್ ಬಂದ ಮೇಲೆ ಸಾಮಾನಿನ ಕೋಣೆಯೂ ಹೋಯಿತು. ಅತ್ತೆ ಈಗ ಹಿಂದಿನ ರೂಮಿನಲ್ಲಿ ಮಂದಿಯ ಕೈಚೀಲ ಕಾಯುತ್ತಾಳೆ.

ಕಳೆದ ವಾರ ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ದೊಡ್ಡಪ್ಪನ ಕಿರಿಯ ಮಗ ಮಲ್ಲಿಕಾರ್ಜುನನ ಲಗ್ನಪತ್ರಿಕೆಯ ಕರಡು ಬಂತು. ಅಂದು ಬೆಲ್ಲ ಕದ್ದವರಲ್ಲಿ ಅವನೂ ಒಬ್ಬ. ಕರಡಿನಲ್ಲಿ ಅತ್ತೆಯ ಹೆಸರಿಲ್ಲ. ಸಿಟ್ಟಿನಿಂದ ನಾನು ಕಾಕಾನ ಮದುವೆಯ ಅಲ್ಬಮ್ಮನ್ನು ಸಾಕ್ಷಿಗಾಗಿ ತೆಗೆದೆ. ಅದರಲ್ಲಿ ನಾನೆಂದೂ ಸರಿಯಾಗಿ ನೋಡಿರದ ಒಂದು ಚಿತ್ರವಿದೆ: ಅತ್ತೆ ನಡುವೆ ಲಟ್ಟಣಿಗೆ ಎತ್ತಿದ್ದಾಳೆ, ಮೂಲೆಯಲ್ಲಿ ದೊಡ್ಡಪ್ಪ ನಿಂತಿದ್ದಾರೆ. ಧೋತರದ ಚುಂಗು ಸಿಕ್ಕಿಸಿದ್ದು ಹಾಗೇ ಇದೆ. ಅಂಗೈ ಇನ್ನೂ ಮೇಲ್ಮುಖವಾಗಿದೆ. ಬಲಗಾಲಿನ ಹಿಮ್ಮಡಿ ನೆಲದಿಂದ ಎದ್ದಿದೆ.

ಬೆನ್ನಟ್ಟುವವರು ಹಾಗೆ ನಿಲ್ಲುವುದಿಲ್ಲ. ಅದು ಕರೆಗಾಗಿ ಕಾದವರ ನಿಲುವು. ಕರೆಯುವ ಮನೆಯ ಯಜಮಾನನನ್ನು ಕರೆಯುವವರು ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳೇ, ಮತ್ತು ನಾನು ಓಡಿಹೋದೆ. ಮರುದಿನದ ತೀರ್ಮಾನದಲ್ಲಿ ರೀತಿ ರಿವಾಜು ಎಷ್ಟಿತ್ತು, ಕೈಗೆ ಬಾರದ ಆ ಎಲೆ ಎಷ್ಟಿತ್ತು ಎಂಬುದನ್ನು ತಾವೇ ಹೇಳಬೇಕು, ದೊಡ್ಡಪ್ಪ.

ಆದ್ದರಿಂದ ಮನೆತನದ ಹಿರಿಯರಲ್ಲಿ ಸವಿನಯವಾಗಿ, ಆದರೆ ಬಿಡದೆ ಕೇಳಿಕೊಳ್ಳುತ್ತೇನೆ. ಕರಡು ಅಚ್ಚಿಗೆ ಹೋಗುವ ಮೊದಲು ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಗಿರಿಜಮ್ಮನವರ ಹೆಸರು ಸೇರಬೇಕು. ಸೇರದಿದ್ದರೆ ಏಕೆ ಸೇರಲಿಲ್ಲವೆಂದು ಸಹಿ ಮಾಡಿದ ಉತ್ತರವನ್ನು ಕೊಡಬೇಕು. ರೀತಿ ಎಂಬ ಒಂದೇ ಪದವನ್ನು ಉತ್ತರವೆಂದು ಸ್ವೀಕರಿಸಲಾಗದು. ರಿಸೆಪ್ಷನ್ನಿನ ಸಂಜೆ ತಟ್ಟೆಯನ್ನು ಮತ್ತೆ ಹೊರತೆಗೆಯಬೇಕು. ಅತ್ತೆಗೆ ಈಗ ಮೊಣಕಾಲು ನೋವಿದೆ. ಈ ಅರ್ಜಿಯ ಕಡತ ಒಂದು ಮದುವೆಯಿಂದ ಮುಂದಿನ ಮದುವೆಗೆ ಹೋಗುವಷ್ಟು ಕಾಲ ಅವಳ ಮೊಣಕಾಲಿಗಿಲ್ಲ.

ನನ್ನ ಪಾಲಿನ ತಪ್ಪಿಗೆ ನಾನೂ ಉತ್ತರದಾಯಿ. ಈ ಬರಹದ ಪ್ರತಿಯೊಂದಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಜೋಡಿ ಎಲೆ, ಒಂದು ಅಡಿಕೆಯನ್ನು ದೊಡ್ಡಪ್ಪನ ಹೆಸರಿಗೆ ಕಳಿಸಿದ್ದೇನೆ. ಹದಿನಾರು ವರ್ಷ ತಡವಾಗಿದೆ, ಕ್ಷಮಿಸಬೇಕು. ಕರೆಯುತ್ತಿರುವುದು ಮನೆ. ಕೈಗೆ ತೆಗೆದುಕೊಂಡ ಮೇಲೆ ಕೂರುವ ಹಾಗಿಲ್ಲ ಎಂಬುದು ತಮಗೆ ತಿಳಿದೇ ಇದೆ.